ಕಲ್ಲು ಬೆಳೆದಿದ್ದೋ, ಒಡೆದಿದ್ದೋ

ಬೆಳಗಿನ ಏಳು ಗಂಟೆ. ಸಕಲೇಶಪುರದ ಕಾಲೇಜೊಂದರ ಭೂವಿಜ್ಞಾನ ಲ್ಯಾಬಿನಲ್ಲಿ ಅಟೆಂಡರ್ ಗಂಗಾಮಣಿ ಕಿಟಕಿ ಬೆಳಕಿಗೆ ಕಲ್ಲೊಂದನ್ನು ಹಿಡಿದು, ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆಯಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. "ಇದು ನಾಯಿಹಲ್ಲು ಕಣ್ರೀ, ಚೂಪೈತೆ," ಎಂದು ನನ್ನ ಅಂಗೈಗೆ ಒತ್ತುತ್ತಾರೆ. ನಿಜವೇ, ಚುಚ್ಚುತ್ತದೆ.

ಊರು ಆಲೂರಿನ ಪಾಳ್ಯ. ಇಲ್ಲಿಗೆ ಬರುವ ಮುಂಚೆ ಹದಿನಾಲ್ಕು ವರ್ಷ ಎಸ್ಟೇಟ್ ಸ್ಟೋರಿನಲ್ಲಿ ಕಾಫಿ ಬೀಜ ಆರಿಸಿದವರು. ಈಗ ಕ್ಯಾಲ್ಸೈಟ್, ಡಾಲಮೈಟ್, ಅರಾಗೊನೈಟ್ ಎಂಬ ಸುಣ್ಣಕಲ್ಲಿನ ಬಳಗವಿರುವ ಬೀರುವಿನ ಕೀಲಿ ಇವರದು.

ಹೋದ ವರ್ಷ ಆ ಕೀಲಿಯೇ ಕುತ್ತಿಗೆಗೆ ಬಂತು. ಪಟ್ಟಿಯಲ್ಲಿ ತೊಂಬತ್ತನಾಲ್ಕು ಕಲ್ಲು, ಬೀರುವಿನಲ್ಲಿ ಅರವತ್ತು. ಮಿಕ್ಕಿದ್ದೆಲ್ಲಿ ಎಂದರು ಪ್ರಿನ್ಸಿಪಾಲರು. "ನಾನೇನ್ ಸಾರಿಗ್ ಹಾಕ್ಬುಟ್ನಾ ಸಾ?" ಎಂದರಂತೆ ಇವರು. ಅವರು ನಗಲಿಲ್ಲ. ಹದಿನೈದು ದಿನದಲ್ಲಿ ತೋರಿಸದಿದ್ದರೆ ಕೆಲಸವಿಲ್ಲ ಎಂದು ನೋಟಿಸು ಬಂತು.

ಲೆಕ್ಚರರ್ ಜಯಕುಮಾರ್ ಪಟ್ಟಿ ಓದುತ್ತಾ ಹೋದರು, ಗಂಗಾಮಣಿ ಕಲ್ಲು ಹಿಡಿಯುತ್ತಾ ಬಂದರು. ಕಳ್ಳ ಸಿಕ್ಕಿದ್ದು ಪಟ್ಟಿಯಲ್ಲೇ. ಬಂದ ಬಂದ ಮೇಷ್ಟ್ರುಗಳು ಒಂದೇ ಕಲ್ಲಿನ ಆಕಾರವನ್ನು ತಮಗೆ ತೋಚಿದಂತೆ ಬರೆದಿದ್ದರು. ಒಬ್ಬರಿಗದು 'ವಜ್ರ', ಇನ್ನೊಬ್ಬರಿಗೆ 'ಓರೆ ಪೆಟ್ಟಿಗೆ', ಪಾಪ ಹಸಿದು ಬಂದಿದ್ದ ಮೂರನೆಯವರಿಗೆ 'ಕೊಬ್ಬರಿ ಮಿಠಾಯಿ'. ಕಲ್ಲು ಒಂದು, ನಂಬರು ಮೂರು.

"ಮೊದ್ಲು ಬೆಳೆದಿದ್ದಾ ಒಡೆದಿದ್ದಾ ಕೇಳ್ಬೇಕು," ಎನ್ನುತ್ತಾರೆ ಗಂಗಾಮಣಿ. "ಒಡೆದ ಕಾಫಿ ಬೀಜನ ಯಾರಾದ್ರೂ ಗುಂಡಾಗಿ ಬೆಳೆದ ಪೀಬೆರಿ ಅಂತಾರಾ? ಬಿಟ್ಸಿಗೆ, ಚೂರಿನ ರಾಶಿಗೆ ಹಾಕ್ತಾರೆ."

ಕ್ಯಾಲ್ಸೈಟ್ ಎಲ್ಲಿ ಒಡೆದರೂ ಓರೆ ಪೆಟ್ಟಿಗೆಯೇ. ಅದು ಹುಟ್ಟಿದ ಆಕಾರವೇ ಆಗಿರಬೇಕೆಂದಿಲ್ಲ. "ನಾನು ಎರಡು ವರ್ಷ ಓದಿದ್ದನ್ನ ಗಂಗಕ್ಕ ಬೀಜ ಆರಿಸ್ತಾ ಕಲ್ತುಬಿಟ್ಟವ್ರೆ," ಎಂದು ಜಯಕುಮಾರ್ ತಲೆ ಕೆರೆದುಕೊಳ್ಳುತ್ತಾರೆ. ಇಬ್ಬರೂ ಸೇರಿ ನಾಲ್ಕೇ ಹೆಸರು ಗೊತ್ತು ಮಾಡಿದರು: ನಾಯಿಹಲ್ಲು, ಓರೆ ಪೆಟ್ಟಿಗೆ, ಸೂಜಿಗೊಂಚಲು, ಕುದುರೆ ಜೀನು. ಪಕ್ಕದಲ್ಲಿ ಬೆಳೆದಿದ್ದೋ, ಒಡೆದಿದ್ದೋ ಎಂಬ ಗುರುತು. ಮಿಠಾಯಿಗೆ ಜಾಗವಿಲ್ಲ.

ತೊಂಬತ್ತನಾಲ್ಕು ಕರಗಿ ಅರವತ್ತೊಂದಕ್ಕೆ ಬಂತು. ಆದರೂ ಒಂದು ಕಮ್ಮಿ, ಕುದುರೆ ಜೀನಿನಂತೆ ಬಾಗಿದ ಡಾಲಮೈಟ್. ಗಡುವಿನ ಕೊನೆಯ ದಿನ ಅಷ್ಟಕ್ಕೇ ಲೆಕ್ಕ ಒಪ್ಪಿಸಲು ಗಂಗಾಮಣಿ ಪ್ರಿನ್ಸಿಪಾಲರ ಕೋಣೆಗೆ ಹೋದರು. ಮೇಜಿನ ಮೇಲೆ, ಕಾಗದದ ಕಂತೆಯ ನೆತ್ತಿಯಲ್ಲಿ ಅದು ಕೂತಿತ್ತು. ಕೈ ಚಾಚಿ ಎತ್ತಿಕೊಂಡರು. ಫ್ಯಾನಿನ ಗಾಳಿಗೆ ಕಾಗದಗಳೆಲ್ಲ ಹಾರಿದವು.

"ಅರವತ್ತೊಂದು ಸಾ."

ನೋಟಿಸು ಅಂದೇ ವಾಪಸಾಯಿತು. ಈಗ ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಗಂಗಾಮಣಿ ಬೀರುವಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡುತ್ತಾರೆ.

"ಪ್ರಿನ್ಸಿಪಾಲ್ ಸಾಹೇಬ್ರಿಗೆ ಕಾಲೇಜ್ನೋರು ಒಂದು ಪೇಪರ್‌ವೆಯ್ಟ್ ಕೊಡಿಸ್ಲಿ ಕಣ್ರೀ. ಒಳ್ಳೆ ಮನುಷ್ಯ, ಮತ್ತೆ ಬೀರುಗೆ ಕೈ ಹಾಕೋದ್ ಬ್ಯಾಡ."