ಪಂಚಾಂಗದ ಅಂಚಿನ ನಾಲ್ಕು ಅಂಕಿಗಳು

ಶಿವನನ್ನು ನಂಬುವುದು ಬೇರೆ, ಪವಾಡಗಳಿಗೆ ಕಿವಿಗೊಡುವುದು ಬೇರೆ ಎಂದು ನನ್ನ ಬಳಿ ಓದಲು ಬರುತ್ತಿದ್ದವರಿಗೆ ಹೇಳುತ್ತಿದ್ದೆ. ಆ ಮಾತನ್ನು ಈಗ ಅಷ್ಟು ಧೈರ್ಯದಿಂದ ಹೇಳಲಾರೆ.

ಕೊರೋನಾದ ಎರಡನೆಯ ಅಲೆಯಲ್ಲಿ ನನ್ನ ತಮ್ಮ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯೊಂದನ್ನು ಸೇರಿದ. ಕೊಟ್ಟೂರಿನಲ್ಲಿದ್ದ ನನಗೆ ಅವನನ್ನು ಕಾಣುವ ಅವಕಾಶವಿರಲಿಲ್ಲ. ನಮ್ಮಿಬ್ಬರಲ್ಲಿ ಹಿಂದೆಯೇ ಒಂದು ಮಾತಾಗಿತ್ತು: ಯಾರು ಮೊದಲು ಹೊರಟರೂ ಉಳಿದವನು ಅವನ ಕಿವಿಯಲ್ಲಿ ಪಂಚಾಕ್ಷರಿಯನ್ನು ಉಚ್ಚರಿಸಬೇಕು. ಅಂಥ ಹೊತ್ತು ಬಂದರೆ ಫೋನಿನಲ್ಲಾದರೂ ಹೇಳಿಸೆಂದು ಅವನ ಮಗ ಬಸವರಾಜನಿಗೆ ತಿಳಿಸಿದ್ದೆ.

ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ ಎಂಬುದನ್ನು ದಿನವೂ ಅಳೆಯುತ್ತಾರೆ, ಒಳಗಿನ ಉರಿಯೂತ ತಗ್ಗಿದರೆ ಆ ಅಂಕಿಯೂ ಇಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಅದನ್ನು ನನ್ನ ಪೂಜೆಯ ಹೊತ್ತಿನಲ್ಲಿಯೇ ತಿಳಿಸಬೇಕೆಂದು ಬಸವರಾಜನಿಗೆ ಕಟ್ಟುಮಾಡಿದೆ. ಅಂಗೈಯಲ್ಲಿ ಲಿಂಗ ಹಿಡಿದವನಿಗೆ ನಮ್ಮ ಮನೆತನದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

ನನ್ನ ಸೊಸೆ ಫೋನಿನ ಸ್ಪೀಕರ್ ಹಾಕಿ ಹಿಡಿಯುತ್ತಿದ್ದಳು. ಎಡಗೈಯಲ್ಲಿ ಲಿಂಗ. ಬಲಗೈಯಿಂದ, ಕನ್ನಡಕವಿಲ್ಲದೆ, ಅಂದಾಜಿನಲ್ಲಿ ಪಂಚಾಂಗದ ಅಂಚಿಗೆ ಅಂಕಿಯನ್ನು ಬರೆದು ಮುಚ್ಚುತ್ತಿದ್ದೆ. ತೊಂಬತ್ತಾರು, ಅರವತ್ತು, ಮೂವತ್ತು. ನಾಲ್ಕನೆಯ ಬೆಳಿಗ್ಗೆ ಬಸವರಾಜ, “ಹನ್ನೆರಡಕ್ಕ ಇಳಿದೈತಿ ದೊಡ್ಡಪ್ಪ. ಅಪ್ಪ ಆರಾಮ ಅದಾನ, ಚಿಂತಿ ಬಿಡ್ರಿ” ಎಂದ. ಲಿಂಗವನ್ನು ಕಣ್ಣಿಗೊತ್ತಿಕೊಂಡೆ. ಅಂದು ಮಧ್ಯಾಹ್ನ ತಮ್ಮ ಲಿಂಗೈಕ್ಯನಾದ.

ತಮ್ಮನ ಉತ್ತರಕ್ರಿಯೆಯ ಗಣಾರಾಧನೆಗೆ ದಿನ ನೋಡಲು ಕನ್ನಡಕ ಹಾಕಿಕೊಂಡು ಪಂಚಾಂಗ ತೆರೆದೆ. ಅಂಚಿನಲ್ಲಿ, ನನ್ನದೇ ಕೈಬರಹದಲ್ಲಿ, ೯೬, ೧೩೦, ೧೭೧, ೨೧೨ ಎಂದಿತ್ತು.

ಕ್ರಿಯೆಗೆಂದು ನಮ್ಮ ಮನೆಯಲ್ಲೇ ಉಳಿದಿದ್ದ ಬಸವರಾಜನನ್ನು ಕರೆದು ತೋರಿಸಿದೆ. ಅವನು ಒಳಗೆ ಹೋಗಿ ಆಸ್ಪತ್ರೆಯ ಕಾಗದಗಳನ್ನು ತಂದು ಮುಂದಿಟ್ಟ. ಅಲ್ಲಿಯೂ ಅವೇ ನಾಲ್ಕು ಅಂಕಿಗಳಿದ್ದವು.

“ಮೊದಲನೇದು ಬಿಟ್ಟು ಒಂದೂ ಖರೇ ಹೇಳಿಲ್ಲ ದೊಡ್ಡಪ್ಪ. ನಿಮ್ಮ ಎದಿ ತಡಕೊಳ್ಳಂಗಿಲ್ಲ ಅಂತ ಇಳಿಸಿ ಹೇಳಿದೆ” ಎಂದ. ತಾನು ಕೇಳಿದ್ದೂ ಹನ್ನೆರಡೇ ಎಂದು ಸೊಸೆ ಹೇಳಿದಳು. ಬಸವರಾಜ ತಲೆಯೆತ್ತದೆ, “ಅಣ್ಣಗ ಫೋನ್ ಹಚ್ಚು ಅಂತ ಅಪ್ಪ ಎರಡು ಸಲ ಅಂದಿದ್ದ” ಎಂದ.

ಅವನು ಈಗಲೂ ಬಂದು ಪಾದ ಮುಟ್ಟುತ್ತಾನೆ. ಹಣೆಗೆ ವಿಭೂತಿ ಹಚ್ಚುತ್ತೇನೆ; ಮಾತಾಡುವುದಿಲ್ಲ. ಅವನ ಸುಳ್ಳಿಗಾದರೂ ಒಂದು ಕಾರಣವಿತ್ತು. ಅಂದು ನನ್ನ ಬಲಗೈಯನ್ನು ನಡೆಸಿದವರು ಯಾರೆಂದು ಇಂದಿಗೂ ನನಗೆ ತಿಳಿಯದು. ಶಿವನೇ ಆಗಿದ್ದರೆ, ಕೈಗೆ ಸತ್ಯವನ್ನು ಕೊಟ್ಟವನು ಕಣ್ಣಿಗೇಕೆ ಕೊಡಲಿಲ್ಲ? ಅಂಗೈಯಲ್ಲಿಯೇ ಕುಳಿತಿದ್ದನಲ್ಲ.