ಹಿಂದಿನ ಅಚ್ಚು ಕಸ್ತೂರಿ ಅತ್ತೆಯದು

ನಿನ್ನೆ ಸಂಜೆ ಜೇವರ್ಗಿಯಿಂದ ನನಗೊಂದು ಇಳಕಲ್ ಸೀರೆ ಬಂತು. ತಂದುಕೊಟ್ಟವನು ನನ್ನ ತಮ್ಮ ಸಿದ್ದುವಿನ ಡ್ರೈವರ್. ಆಳಂದದ ನಮ್ಮ ಬಾಡಿಗೆ ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಕೂಡ ಆರಿಸದೆ, ಸೀಟಿನ ಹಿಂದಿನಿಂದ ಪೊಟ್ಟಣ ಎಳೆದು ಕೈಗಿಟ್ಟ. "ಸಿದ್ದಣ್ಣಾರು ಕಳಸ್ಯಾರ್ರಿ ಅಕ್ಕಾರ. ಸೋಮವಾರ ತಪ್ಪಸಬ್ಯಾಡ್ರಿ ಅಂದಾರ್ರಿ" ಎಂದು ಹೇಳಿ ಹೊರಟುಹೋದ. ಬಿಚ್ಚಿ ನೋಡಿದೆ. ಹಸಿರು ಮೈ, ಕೆಂಪು ಸೆರಗು, ಒಳ್ಳೆಯ ನೇಯ್ಗೆ. ಮೂಗಿನ ಹತ್ತಿರ ಹಿಡಿದರೆ ಗೇರ್ ಆಯಿಲ್ ವಾಸನೆ. ಆ ವಾಸನೆ ಗೊತ್ತಿಲ್ಲದ ಪುಣ್ಯವಂತರು ನೀವಾಗಿದ್ದರೆ, ಕೊಳೆತ ತತ್ತಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ನನ್ನ ಗಂಡ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋದರು. ನಾನು ಮಾತ್ರ ಸೀರೆಯಲ್ಲಿ ಮುಖ ಹುದುಗಿಸಿ ಸ್ವಲ್ಪ ಹೊತ್ತು ಕೂತಿದ್ದೆ.

ಸೀರೆ ಯಾಕೆ ಬಂತು ಎಂದರೆ, ಅಪ್ಪ ತೀರಿಕೊಂಡು ವರ್ಷವಾಯಿತು. ಮನೆಯನ್ನು ಅವರು ಬದುಕಿದ್ದಾಗಲೇ ಸಿದ್ದುವಿನ ಹೆಸರಿಗೆ ಮಾಡಿದ್ದರು. ಉಳಿದದ್ದು, ಕೆಟ್ಟುನಿಂತ ಲಾರಿ ಎಳೆಯುವ ನಮ್ಮ ಮನೆತನದ ಗಾಡಿಯಲ್ಲಿ ಅಪ್ಪನ ಪಾಲು. ಅದರಲ್ಲಿ ನನಗೇನೂ ಬೇಡ ಎಂದು ಸೋಮವಾರ ವಕೀಲರ ಎದುರು ನಾನು ಸಹಿ ಹಾಕಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಪಾಲು ಬಿಟ್ಟಾಗ ಸೀರೆ ಉಡಿಸುವುದು ರೂಢಿ. ಸಹಿ ಹಾಕಿದವಳಿಗೆ ಪ್ರತಿ ಹಬ್ಬಕ್ಕೂ ತವರಿನಿಂದ ಕರೆ ಬರುತ್ತದೆ. ಹಾಕದವಳಿಗೆ ಬರುವುದು ನಿಂತುಹೋಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಭಯವೂ ಅದೇ ಆಗಿತ್ತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಸಮಾನ ಹಕ್ಕಿನ ಪಾಠವನ್ನು ಪ್ರತಿ ವರ್ಷ ಕೈ ಬೀಸಿ ಬೀಸಿ ಹೇಳುತ್ತೇನೆ. ಹಾಗೆ ಹೇಳಿ ಮನೆಗೆ ಬಂದು, ತಮ್ಮನ ಮನಸ್ಸು ಯಾಕೆ ನೋಯಿಸಬೇಕು ಎಂದು ಸಹಿಗೆ ತಯಾರಾಗಿ ಕೂತವಳೂ ನಾನೇ. ಬೆಲ್ ಹೊಡೆದ ಮೇಲೆ ಪಾಠ ಮುಗಿಯಿತು, ಅಲ್ಲವೇ?

ಆದರೆ ಆ ದರಿದ್ರ ವಾಸನೆ ಕಸ್ತೂರಿ ಅತ್ತೆಯನ್ನು ಕರೆದುಕೊಂಡು ಬಂತು.

ಕಸ್ತೂರಿ ಅತ್ತೆ ಎಂದರೆ ಅಪ್ಪನ ಅಕ್ಕ. ಅಫಜಲಪುರ ತಾಲ್ಲೂಕಿನ ಕರಜಗಿಗೆ ಕೊಟ್ಟಿದ್ದರು. ಅಲ್ಲಿ ಕಬ್ಬಿನ ಹೊಲ, ಮಾತು ಕಡಿಮೆಯ ಗಂಡ. ಅವರಿಗೆ ಕಡಿಮೆ ಬಿದ್ದದ್ದನ್ನೂ ಅತ್ತೆಯೇ ಸೇರಿಸಿ ಆಡುತ್ತಿದ್ದಳು. ನಮ್ಮ ಗಾಡಿಯನ್ನು ಮೊದಲು ಕಟ್ಟಿದವನು ನಮ್ಮ ಮುತ್ಯಾ, ಅಂದರೆ ಅಜ್ಜ. ಹತ್ತು ಗಾಲಿಯ ಹಳೆಯ ಟಿಪ್ಪರಿನ ಡಬ್ಬಿ ಕಿತ್ತು, ಹಿಂದೆ ಕಬ್ಬಿಣದ ತೊಲೆಯ ಒಂದು ಕೈ ಕೂಡಿಸಿ, ಕೆಟ್ಟುನಿಂತ, ಕಾಲುವೆಗೆ ಬಿದ್ದ ಲಾರಿಗಳನ್ನು ಎಳೆದು ತರುವ ಟೋಚನ್ ಗಾಡಿ ಮಾಡಿಕೊಂಡಿದ್ದ. ಮುತ್ಯಾನ ಕೆಲಸದ ರೀತಿ ಬೇರೆ. ಬಿದ್ದ ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೀಡಿ ಹಚ್ಚಿ, ತಲೆಮೇಲೆ ಕೈಹೊತ್ತು ಕೂತ ಡ್ರೈವರನನ್ನು ಯಾವ ಊರವನು ಎಂದು ವಿಚಾರಿಸುತ್ತಿದ್ದ. ಆ ಊರಿನಲ್ಲಿ ತನಗೆ ಗೊತ್ತಿದ್ದವರೆಲ್ಲರ ಕ್ಷೇಮಸಮಾಚಾರ ಮುಗಿದ ಮೇಲೆಯೇ ಸರಪಳಿಗೆ ಕೈ ಹಾಕುತ್ತಿದ್ದ.

ಮುತ್ಯಾ ಹೋದ ಮೇಲೆ ಹಿರಿಯರು ಕೂತರು. ಕಸ್ತೂರಿಗೆ ಒಂದು ಸೀರೆ ಉಡಿಸಿ ಕಳಿಸಿದರಾಯಿತು ಎಂದು ಚಹಾ ತರಿಸುವುದರೊಳಗೆ ಅತ್ತೆ ಹೇಳಿದಳು: "ಸೀರಿ ನಂಬಲ್ಲಿ ಪೆಟ್ಟಿಗಿ ತುಂಬ ಅದಾವ. ನನಗ ಗಾಡಿಯಾಗ ಅರ್ಧ ಕೊಡ್ರಿ."

"ಗಾಡಿ ಹೆಂಗ ಅರ್ಧ ಮಾಡೂದು ಬೇ? ಗರಗಸ ತರೂನೇನು?" ಎಂದ ಮುತ್ಯಾನ ತಮ್ಮ, ನಮ್ಮ ಸಣ್ಣಮುತ್ಯಾ.

"ಗರಗಸ ಯಾಕ? ಹಿಂದ ಎರಡು ಅಚ್ಚು ಅದಾವಲ್ಲ. ಮುಂದಿಂದು ತಮ್ಮಗ, ಹಿಂದಿಂದು ನನಗ."

ಗಾಡಿಯ ಹಿಂಭಾಗ ನಿಜವಾಗಿಯೂ ಎರಡು ಅಚ್ಚುಗಳ ಮೇಲೆ ನಿಂತಿತ್ತು, ಒಂದೊಂದಕ್ಕೆ ನಾಲ್ಕು ಗಾಲಿ, ಎರಡಕ್ಕೂ ಇಂಜಿನ್ನಿನ ಬಲ. ಇಷ್ಟು ಸಮನಾಗಿ ಇಬ್ಭಾಗವಾಗುವ ಆಸ್ತಿಯನ್ನು ಹಿರಿಯರು ಕಂಡೇ ಇರಲಿಲ್ಲ. ಹಾಗಾಗಿ ಒಪ್ಪಿದರು, ಮುಖ ಹುಳ್ಳಗೆ ಮಾಡಿಕೊಂಡು. ಅಂದಿನಿಂದ ಅತ್ತೆ ನಮ್ಮ ಮನೆಗೆ ಬಂದರೆ ಮೊದಲು ಸೆರಗು ಸೊಂಟಕ್ಕೆ ಸಿಗಿಸಿ, ಗಾಡಿಯ ಕೆಳಗೆ ಬಗ್ಗಿ, ತನ್ನ ಅಚ್ಚು ನೋಡಿ ಬರುವಳು. ಅವ್ವ ಹಿಡಿದುಕೊಂಡು ನಿಂತ ನೀರಿನ ತಂಬಿಗೆ ಆಮೇಲೆ.

ನಾನು ಬಿ.ಎ. ಓದುತ್ತಿದ್ದ ವರ್ಷ ಎರಡೂ ಅಚ್ಚಿನೊಳಗಿನ ಹಲ್ಲುಗಳು ಸವೆದು ಹೋದವು. ಇಲ್ಲಿ ನಿಮಗೆ ಸ್ವಲ್ಪ ಪಾಠ ಮಾಡಬೇಕು, ಸಹಿಸಿಕೊಳ್ಳಿ. ಅಚ್ಚಿನ ನಡುವೆ ಕಲ್ಲಂಗಡಿಯಂತೆ ಉಬ್ಬಿದ ಗುಂಡು ಇರುತ್ತದಲ್ಲ, ಅದರೊಳಗೆ ಒಂದು ಜೋಡಿ ಗೇರು. ಊಟದ ತಟ್ಟೆಯಷ್ಟು ದೊಡ್ಡದು ಕ್ರೌನ್, ಮುಷ್ಟಿಯಷ್ಟು ಚಿಕ್ಕದು ಪಿನಿಯನ್. ಪಿನಿಯನ್ನಿಗೆ ಆರು ಹಲ್ಲು. ಕ್ರೌನಿಗೆ ಮೂವತ್ತೇಳು ಇರಬಹುದು, ನಲವತ್ತೊಂದು ಇರಬಹುದು. ಕ್ರೌನಿನ ಹಲ್ಲು ಹೆಚ್ಚಾದರೆ ಗಾಲಿ ಒಂದು ಸುತ್ತು ತಿರುಗಲು ಇಂಜಿನ್ ಹೆಚ್ಚು ಸುತ್ತಬೇಕು. ಆಗ ಎಳೆಯುವ ಬಲ ಹೆಚ್ಚು, ಓಟ ಕಡಿಮೆ. ಹಲ್ಲು ಕಡಿಮೆಯಾದರೆ ಓಟ ಹೆಚ್ಚು, ಬಲ ಕಡಿಮೆ. ಎರಡೂ ಬೇಕಾದವರು ಎರಡು ಗಾಡಿ ಇಟ್ಟುಕೊಳ್ಳಬೇಕು. ವಿಷಯ ಇಷ್ಟೇ. ಇಷ್ಟಕ್ಕೆ ನಮ್ಮ ಮನೆಯಲ್ಲಿ ಇಡೀ ಶ್ರಾವಣ ಯಾರೂ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ.

ಅಪ್ಪನ ಗಿರಾಕಿಗಳೆಲ್ಲ ಜೇವರ್ಗಿಯ ಹೈವೇ ಮೇಲೆ. ಅವರಿಗೆ ಮೂವತ್ತೇಳು ಬೇಕು. ಅತ್ತೆಯ ಗಿರಾಕಿಗಳು ಕರಜಗಿಯ ಕಬ್ಬಿನ ಲಾರಿಗಳು, ಎರೆಮಣ್ಣಿನಲ್ಲಿ ಹೊಟ್ಟೆಮಟ ಹೂತವು. ಅವಳಿಗೆ ನಲವತ್ತೊಂದು.

"ಮೊದಲ ಮುಟ್ಟಿದಾಂವಗ ಕೆಲಸ ಅಕ್ಕ. ನಾವು ತೆವಳಕೋತ ಹೋಗೂದ್ರಾಗ ಕಲಬುರಗಿ ಕ್ರೇನು ಬಂದು ಎತ್ಕೊಂಡು ಹೋಗಿರ್ತದ."

"ಲಗೂನ ಹೋಗಿ ಏನ್ ಮಾಡ್ತಿ, ಎಳಿಯಾಕ ಆಗಲಿಲ್ಲಂದ್ರ? ಬಿದ್ದ ಲಾರಿ ಎಲ್ಲಿಗೂ ಓಡಿ ಹೋಗಂಗಿಲ್ಲ ತಮ್ಮಾ."

"ಲಾರಿ ಓಡಂಗಿಲ್ಲ. ಗಿರಾಕಿ ಓಡ್ತಾನ."

ಇಬ್ಬರ ಮಾತೂ ಖರೆ. ಖರೆ ಇದ್ದುದರಿಂದಲೇ ಜಗಳ ಮುಗಿಯಲಿಲ್ಲ. ಕೊನೆಗೆ ಸಣ್ಣಮುತ್ಯಾನನ್ನು ಕರೆಸಿದರು. ಅವನು ಜೀವಮಾನವಿಡೀ ಹೊಲದ ವ್ಯಾಜ್ಯ ಬಗೆಹರಿಸಿದವನು. ಬದುವಿನ ಆಚೆ ಅಣ್ಣ ಜೋಳ ಹಾಕಲಿ, ಈಚೆ ತಮ್ಮ ತೊಗರಿ ಹಾಕಲಿ, ಎಂಬುದೇ ಅವನ ಕಾನೂನು. ಗಾಡಿಗೂ ಅದನ್ನೇ ಹೇಳಿದ: "ಅವರವರ ಅಚ್ಚಿಗೆ ಅವರವರ ಹಲ್ಲು ಹಾಕ್ಸಿಕೋರಿ. ಇದ್ರಾಗ ಜಗಳ ಮಾಡೂದು ಏನದ?" ಅಪ್ಪನೂ ಅತ್ತೆಯೂ ಇದಕ್ಕೆ ಒಪ್ಪಿದರು. ಪದವಿ ಓದುತ್ತಿದ್ದ ನಾನು ಇದನ್ನು ಸಮಾನತೆಯ ದೊಡ್ಡ ಹೆಜ್ಜೆ ಎಂದು ತಿಳಿದು ಸಂತೋಷಪಟ್ಟೆ.

ಮಹಿಬೂಬ ಮಿಸ್ತ್ರಿಯನ್ನು ಕೇಳಿದರು. ಆತನ ಬಾಯಲ್ಲಿ 'ಆಗಲ್ಲ' ಎಂಬ ಮಾತನ್ನು ಜೇವರ್ಗಿಯಲ್ಲಿ ಯಾರೂ ಕೇಳಿಲ್ಲ. ತಲೆ ಕೆರೆದುಕೊಂಡು, "ಆಗ್ತದ್ರಿ. ಮುಂದ ಗಾಡಿ ಏನಂತದ ನೋಡೂನ್ರಿ" ಎಂದ. ದೀಪಾವಳಿಯ ಹೊತ್ತಿಗೆ ಮುಂದಿನ ಅಚ್ಚಿನಲ್ಲಿ ಅಪ್ಪನ ಮೂವತ್ತೇಳು, ಹಿಂದಿನದರಲ್ಲಿ ಅತ್ತೆಯ ನಲವತ್ತೊಂದು ಕೂತವು.

ಹೊಲದ ಸಡಿಲ ಮಣ್ಣಿನಲ್ಲಿ ಗಾಡಿ ತಕರಾರು ಮಾಡಲಿಲ್ಲ. ಗಾಲಿಗಳು ಅಷ್ಟಿಷ್ಟು ಜಾರಿ ಹೊಂದಿಕೊಂಡವು. ಡಾಂಬರಿಗೆ ಬಂದ ಕೂಡಲೇ ನರಳತೊಡಗಿತು. ಒಂದೇ ಇಂಜಿನ್ ಎರಡು ಅಚ್ಚಿಗೆ ದುಡಿಯುವಾಗ ಒಂದು ಮುಂದೆ ಓಡು ಎನ್ನುತ್ತದೆ, ಇನ್ನೊಂದು ತಡೆ ಎನ್ನುತ್ತದೆ. ಇವೆರಡರ ನಡುವೆ ಸರಿದೂಗಿಸಲು ಒಂದು ಚಿಕ್ಕ ಗೇರ್ ಪೆಟ್ಟಿಗೆ ಇರುತ್ತದೆ. ತಿರುವಿನಲ್ಲಿ ಗಳಿಗೆ ಹೊತ್ತು ಕೆಲಸ ಮಾಡಿ ಸುಮ್ಮನಿರಬೇಕಾದದ್ದು ಅದು. ಈಗ ಹೋದ ದಾರಿಯುದ್ದಕ್ಕೂ ಪುರುಸೊತ್ತಿಲ್ಲದೆ ತಿರುಗಿ ಕಾದು ಬಿಸಿಯಾಗತೊಡಗಿತು. ನಮ್ಮ ಮನೆಯಲ್ಲಿ ಆ ಪೆಟ್ಟಿಗೆಯ ಕೆಲಸ ಅವ್ವನದು. ಗಂಡನ ಮಾತನ್ನು ನಾದಿನಿಗೆ, ನಾದಿನಿಯ ಮಾತನ್ನು ಗಂಡನಿಗೆ ಸ್ವಲ್ಪ ಉಪ್ಪು ಕಡಿಮೆ ಮಾಡಿ ಮುಟ್ಟಿಸುತ್ತ ಅವಳೂ ಕಾಯುತ್ತಿದ್ದಳು.

ಎಳ್ಳಮವಾಸ್ಯೆಗೆ ಅತ್ತೆ ಬಂದಿದ್ದಳು. ಹಬ್ಬದ ಮರುದಿನ ಕರಜಗಿಯಿಂದ ಫೋನು: ಕಬ್ಬಿನ ಲಾರಿ ಹೂತಿದೆ, ಬನ್ನಿ. ಹೇಗೂ ಊರಿಗೆ ಹೊರಟಿದ್ದ ಅತ್ತೆ ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿದಳು. ರಜೆಯಲ್ಲಿದ್ದ ನಾನೂ ಹತ್ತಿದೆ. ಅಪ್ಪ ನಡೆಸುತ್ತಿದ್ದರು. ನೆಲೋಗಿ ದಾಟುವುದರೊಳಗೆ ಕೆಳಗಿನಿಂದ ಹೊಗೆ, ಈಗ ನನ್ನ ಸೀರೆಯಲ್ಲಿರುವ ಇದೇ ವಾಸನೆ, ಆಮೇಲೆ ಕಲ್ಲು ಅರೆದಂಥ ಸದ್ದು. ಗಾಡಿ ನಿಂತಿತು. ನಡುವಿನ ಪೆಟ್ಟಿಗೆ ಸುಟ್ಟು ಕರಕಲಾಗಿತ್ತು.

ತೊಗರಿ ಹೊಲದ ಬದುವಿಗೆ ಮೂವರೂ ಕೂತೆವು. ಅತ್ತೆ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ ಪಲ್ಯ ಹಾಕಿ ಕೊಟ್ಟಳು. ಅಪ್ಪ ಮುಟ್ಟಲಿಲ್ಲ.

"ಅಕ್ಕ, ಇದು ನಡಿಯೂ ಮಾತಲ್ಲ. ನಿನ್ನ ಪಾಲು ಬಿಟ್ಟುಬಿಡು. ಛಲೋ ಸೀರಿ ಉಡಸ್ತೇನಿ. ಗಾಡಿ ಒಂದ ಕೈಯಾಗ ಇರ್ಬೇಕು."

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ನೀ ಹಲ್ಲಿನ ಮಾತು ಆಡಾಕತ್ತಿಯೋ, ಪಾಲಿನ ಮಾತು ಆಡಾಕತ್ತಿಯೋ?"

"ಎರಡೂ ಒಂದ."

"ಒಂದಲ್ಲ. ಹಲ್ಲು ನಿಂದ ಇರ್ಲಿ. ನಂದು ತಗಿಸಿ ಮೂವತ್ತೇಳ ಹಾಕ್ಸು, ನಾ ಸೋತೆ. ಆದ್ರ ಅಚ್ಚು ನಂದು. ಮುರದು ಬಿದ್ರೂ ನಂದ, ತುಕ್ಕ ಹಿಡದ್ರೂ ನಂದ." ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ಸೀರಿ ಉಟ್ಟು ಹ್ವಾದ್ರ ನಾ ನಿಮ್ಮನಿಗಿ ಬೀಗರಾಕಿ ಆಗಿ ಬರ್ಬೇಕು. ಕರದ್ರ ಬರ್ಬೇಕು, ಕರೀಲಿಲ್ಲಂದ್ರ ಇಲ್ಲ. ಈಗ ಹಂಗಲ್ಲ. ನನ್ನ ಅಚ್ಚು ನೋಡಾಕ ಬರ್ತೇನಿ. ಯಾರ್ನೂ ಕೇಳೂ ಜರೂರ ಇಲ್ಲ ನನಗ."

ಅವಳ ದನಿ ಏರಲಿಲ್ಲ. ಕಣ್ಣು ಮಾತ್ರ ಒದ್ದೆಯಾಗಿತ್ತು, ಅದರ ತಪ್ಪನ್ನು ಪಲ್ಯದ ಮೆಣಸಿನಕಾಯಿಯ ಮೇಲೆ ಹಾಕಿದಳು. ಗಾಡಿಯ ಕೆಳಗೆ ಬಗ್ಗಿ ಅವಳು ಏನು ನೋಡುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಅಪ್ಪ ಕೈ ಚಾಚಿ ರೊಟ್ಟಿ ತೆಗೆದುಕೊಂಡರು.

ಅಷ್ಟರಲ್ಲಿ ಕೊಳಕೂರಿನ ರೈತನೊಬ್ಬ ಟ್ರ್ಯಾಕ್ಟರ್ ನಿಲ್ಲಿಸಿದ. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಎಳಿಯೂ ಗಾಡಿ ಅಲ್ಲೇನ್ರಿ?" ಎಂದ.

"ಹೌದಪಾ."

"ಮತ್ತ ಇದನ್ನ ಯಾರು ಎಳೀಬೇಕ್ರಿ?"

"ನೀನ ಎಳಿ," ಎಂದರು ಅಪ್ಪ.

ಬಿಚ್ಚಬೇಕಾದದ್ದನ್ನೆಲ್ಲ ಬಿಚ್ಚಿ, ನಮ್ಮದೇ ಸರಪಳಿಯನ್ನು ನಮ್ಮದೇ ಗಾಡಿಗೆ ಬಿಗಿದೆವು. ಜೇವರ್ಗಿ ಬಜಾರಿನಲ್ಲಿ ಚಹಾದ ಅಂಗಡಿಯವರು ಕೆಟಲಿ ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಅಪ್ಪ ಸ್ಟೇರಿಂಗ್ ಹಿಡಿದು ದಿಬ್ಬಣದ ವರನ ಹಾಗೆ ನೆಟ್ಟಗೆ ಮುಂದೆ ನೋಡುತ್ತಿದ್ದರು. ಅತ್ತೆ ಕಿಟಕಿಯಿಂದ ಗುರುತಿನವರನ್ನೆಲ್ಲ ಮಾತಾಡಿಸಿಕೊಂಡು ಬಂದಳು. ನಾನು ಸೀಟಿನ ಕೆಳಗೆ ಬಿದ್ದ ಏನನ್ನೋ ಹುಡುಕುತ್ತ ಊರು ದಾಟಿಸಿದೆ. ಕರಜಗಿಯ ಲಾರಿಯನ್ನು ಆ ಹೊತ್ತಿಗೆ ಕಬ್ಬು ಇಳಿಸಿ ಊರವರೇ ಮೇಲೆ ತಂದಿದ್ದರು.

ಮರುದಿನ ಮಿಸ್ತ್ರಿ ಎರಡೂ ಅಚ್ಚು ಬಿಚ್ಚಿ ಹರವಿಕೊಂಡು ಕೂತಿದ್ದ. "ಎರಡಕ್ಕೂ ಒಂದ ನಂಬರ್ ಬೇಕ್ರಿ ಅಣ್ಣಾರ. ಯಾವುದು ಹಾಕ್ಲಿ?"

ಅತ್ತೆ ಸೋತೆನೆಂದು ಹೇಳಿಯಾಗಿತ್ತು. ಅಪ್ಪ ನೆಲ ನೋಡುತ್ತ, "ನಲ್ವತ್ತೊಂದು" ಎಂದರು.

"ಆಗ್ತದ್ರಿ," ಎಂದ ಮಿಸ್ತ್ರಿ.

ಯಾಕೆಂದು ಅವ್ವ ಕೇಳಿದ್ದಕ್ಕೆ ಅಪ್ಪ, "ಎಳಿಯೂ ಗಾಡಿಗಿ ಎಳಿಯೂ ಹಲ್ಲು ಬೇಕಲ್ಲ" ಎಂದು ಹುಟ್ಟಿದಾಗಿನಿಂದ ಅದೇ ಅಭಿಪ್ರಾಯ ಇದ್ದವರಂತೆ ಗದರಿದರು. ಹೈವೇಯ ಗಿರಾಕಿಗಳು ಅವರು ಹೆದರಿದಂತೆಯೇ ಅರ್ಧಕ್ಕರ್ಧ ಕೈಬಿಟ್ಟುಹೋದರು. ಕರಜಗಿಯ ಹೊಲಗಳು ನಮ್ಮ ಮನೆ ನಡೆಸಿದವು. ನನ್ನ ಫೀಸು ಕಟ್ಟಿದ್ದೂ ಆ ಹೊಲಗಳೇ. ಅತ್ತೆ ಬರುವುದು, ಬಗ್ಗಿ ನೋಡುವುದು ನಿಲ್ಲಲಿಲ್ಲ. ಅಪ್ಪನ ಕೊನೆಯ ದಿನಗಳಲ್ಲಿ ಕರೆಯದೆ ಬಂದು ತಿಂಗಳುಗಟ್ಟಲೆ ನಿಂತವಳು ಅವಳೊಬ್ಬಳೇ. ನಾನು ಮಾತ್ರ ತಮ್ಮನಿಗೆ ಮೊದಲೇ ಫೋನ್ ಮಾಡಿ, ಬರಲೇ ಎಂದು ಕೇಳಿ ಹೋಗುತ್ತಿದ್ದೆ. ಇದು ನೆನಪಾಗಿ ನಿನ್ನೆ ಸೀರೆಯನ್ನು ಮಡಚಿ ಮತ್ತೆ ಪೊಟ್ಟಣ ಕಟ್ಟಿದೆ.

ಗಾಡಿಯ ಕ್ಯಾಬಿನ್ ಬದಲಾಗಿದೆ, ಇಂಜಿನ್ ಬಿಚ್ಚಿ ಕಟ್ಟಿದ್ದಾಗಿದೆ, ಅಚ್ಚುಗಳು ಅವೇ. ಹಿಂದಿನದು ಈಗಲೂ ಅತ್ತೆಯದು. ಇಂದು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಸಿದ್ದುವಿಗೆ ಫೋನ್ ಮಾಡಿದೆ.

"ಸೋಮವಾರ ಬರ್ತೇನಿ ತಮ್ಮಾ. ಸಹಿ ಮಾತ್ರ ಹಾಕಂಗಿಲ್ಲ."

ಆ ಕಡೆ ಅವನ ಹೆಂಡತಿ ಏನಾಯಿತೆಂದು ಕೇಳುವುದು, ಅವನು ಸುಮ್ಮನಿರು ಎನ್ನುವುದು ಕೇಳಿಸಿತು.

"ಮತ್ತ ಏನ್ ಬೇಕು ನಿನಗ?" ಎಂದ.

"ಅಪ್ಪನ ಅಚ್ಚಿನಾಗ ಅರ್ಧ. ಎಡಗಡಿ ಗಾಲಿ ಎರಡೂ ನನ್ನವು."

ಫೋನ್ ಇಟ್ಟುಬಿಟ್ಟನೋ ಎಂದು ಕಿವಿಯಿಂದ ತೆಗೆದು ನೋಡಿದೆ. ತವರು ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ.

"ಎಡಗಡಿವು ಬ್ಯಾಡ ಅಕ್ಕಾ," ಎಂದ ಸಿದ್ದು. "ಅವಕ್ಕ ಹ್ವಾದ ತಿಂಗಳ ಹೊಸ ಟಾಯರ್ ಹಾಕ್ಸೀನಿ. ನೀ ಬಲಗಡಿವು ತೊಗೊ."

ನನಗೆ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು, "ಎಡಗಡಿವ ಬೇಕು" ಎಂದೆ.