ಬೊಗ್ಗುವಿನ ದಾರಿಗೆ ಅಡ್ಡ ನಿಂತ ಲೀಲಕ್ಕ

ಹೋಟೆಲಿಗೆ ನಾಯಿ ಬಂದ ದಿನ ಕೆಲಸ ಬಿಡುತ್ತೇನೆಂದು ಕೂಗಾಡಿದವಳು ನಾನೇ. ಹೆಸರು ಚಿತ್ರಾ, ಊರು ಇಂಡಿ, ನಾಲಿಗೆ ತುಸು ಹರಿತ. ಪುಣೆ ಕ್ಯಾಂಪಿನ ಆ ಹೋಟೆಲಿನಲ್ಲಿ ಚಟ್ನಿ, ಸಾಂಬಾರು ನನ್ನ ಕೈಯದು. ಮಾಲೀಕ ಸಂಕಪ್ಪಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು. ದಾರಿ ತೋರಿಸಲು ನಾಯಿ ತರಬೇತಿ ಕೇಂದ್ರದವರು ಬೊಗ್ಗುವನ್ನು ಕೊಟ್ಟಿದ್ದರು. ಮೂರು ವರ್ಷದಲ್ಲಿ ಅದು ಒಮ್ಮೆಯೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ನಮ್ಮ ಸಪ್ಲೈಯರುಗಳಿಗಿಂತ ನಾಯಿಯೇ ವಾಸಿ ಎಂದು ಕೊನೆಗೆ ನಾನೂ ಒಪ್ಪಿಕೊಂಡೆ.

ಶ್ರಾವಣದಲ್ಲಿ ಸಂಕಪ್ಪಣ್ಣ ತೀರಿಕೊಂಡ. ಬೊಗ್ಗು ಅನ್ನ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ, ಸಂಕಪ್ಪಣ್ಣ ಹಿಡಿದು ನಡೆಯುತ್ತಿದ್ದ ಬೆನ್ನಿನ ಪಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಿತ್ತು. ಒಂದು ದಿನ ಅವನ ಹೆಂಡತಿ ಲೀಲಾಕ್ಷಿ, ನಮ್ಮೆಲ್ಲರ ಲೀಲಕ್ಕ, ಅದಕ್ಕೆ ಪಟ್ಟಿ ಕಟ್ಟಿ, ಹಿಡಿಕೆ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಮನೆಯಿಂದ ಹೋಟೆಲಿಗೆ ನಡೆದೇ ಬಂದಳು. ನಾನು ನೋಡಿ ಬೈದೆ.

"ಅಕ್ಕಾರ, ಕಣ್ಣ ಮುಚ್ಚಿ ರಸ್ತಾ ದಾಟಾಕತ್ತೀರಲ್ಲ, ತಲಿ ಕೆಟ್ಟದೇನ್ರಿ?"

"ಕಣ್ಣು ಬಿಟ್ರೆ ಅದಕ್ಕೆ ಗೊತ್ತಾಗ್ತದೆ ಮಾರಾಯ್ತಿ. ಅದಕ್ಕೆ ಕೆಲಸ ಬೇಕು. ಕೆಲಸ ಮಾಡಿದ್ರೆ ಉಣ್ತದೆ."

ಅವತ್ತು ಅದು ಉಂಡಿತು. ಎರಡು ತಿಂಗಳು ಹೀಗೇ ನಡೆಯಿತು. ಗಂಡ ಹಿಡಿದ ಹಿಡಿಕೆಯನ್ನು ಬಿಡಲು ಅವಳಿಗೂ ಮನಸ್ಸಿರಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಅಷ್ಟರಲ್ಲಿ ಕೇಂದ್ರದ ಪ್ರಜ್ವಲ ಬಂದ. ನಾಯಿಗೆ ಕಲಿಸಿದವನು ಅವನೇ. ಪುಣೆಯ ಅಂಚಿನ ಹಿಂಜವಾಡಿಯ ಸಾಯಲಿ ಎಂಬ ಇಂಜಿನಿಯರ್ ಹುಡುಗಿಗೆ ದೃಷ್ಟಿ ಹೋಗಿದೆ, ಎರಡು ವರ್ಷದಿಂದ ನಾಯಿಗಾಗಿ ಕಾಯುತ್ತಿದ್ದಾಳೆ ಎಂದ. ಲೀಲಕ್ಕ ಇಡೀ ದಿನ ಬೊಗ್ಗುವಿನ ಮೈ ಬಾಚುತ್ತಾ ಕೂತಳು. ಸಂಜೆ, "ಆ ಹುಡುಗಿ ಗೋಡೆ ತಡವಿಕೊಂಡು ನಡೆಯುವುದು ಬೇಡ, ಕರ್ಕೊಂಡು ಹೋಗಲಿ" ಎಂದಳು.

ಕಳಿಸಿದ್ದಾಯಿತು. ಆದರೆ ಹತ್ತು ದಿನವಾದರೂ ಬೊಗ್ಗು ಸಾಯಲಿಯನ್ನು ಗೇಟಿನಿಂದ ಆಚೆ ಕರೆದೊಯ್ಯಲಿಲ್ಲ. ಪಟ್ಟಿ ಕಟ್ಟಿದ ಕೂಡಲೇ ಕೂತುಬಿಡುತ್ತಿತ್ತು. ಲೀಲಕ್ಕ ಕಣ್ಣು ಮುಚ್ಚಿ ನಡೆದ ಕಥೆ ಕೇಳಿ ಪ್ರಜ್ವಲ ತಲೆ ಮೇಲೆ ಕೈ ಹೊತ್ತ.

"ಅದು ನಿಮ್ಮನ್ನೇ ಓನರ್ ಅಂದ್ಕೊಂಡುಬಿಟ್ಟಿದೆ ಮೇಡಂ. ಇನ್ನೊಂದು ವಾರದಲ್ಲಿ ನಡೀಲಿಲ್ಲ ಅಂದ್ರೆ ಕೇಂದ್ರಕ್ಕೆ ವಾಪಸ್. ಸಾಯಲಿ ಮತ್ತೆ ಕಾಯ್ಬೇಕು."

ಅವನು ಹೇಳಿದ ಮದ್ದು ಒಂದೇ. ಲೀಲಕ್ಕ ದಿನಾ ಮಧ್ಯಾಹ್ನ ಸಾಯಲಿಯ ಮನೆಯಲ್ಲಿ ಹೋಗಿ ಕೂರಬೇಕು. ನಾಯಿಯನ್ನು ಮಾತಾಡಿಸಬಾರದು, ಮುಟ್ಟಬಾರದು, ನೋಡಲೂಬಾರದು. ಊಟ ಸಾಯಲಿಯ ಕೈಯಿಂದ ಮಾತ್ರ.

ಜೊತೆಗೆ ನಾನೂ ಹೋದೆ. ಮೊದಲ ದಿನ ಬೊಗ್ಗು ಓಡಿ ಬಂದು ಅವಳ ಮಡಿಲಲ್ಲಿ ತಲೆ ಇಟ್ಟಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕಿಟಕಿ ನೋಡುತ್ತಾ ಕೂತಳು. ಅದು ಕುಂಯ್‌ಗುಟ್ಟುತ್ತಲೇ ಇತ್ತು. ನನಗೇ ತಡೆಯಲಾಗದೆ ಹೊರಗೆ ಎದ್ದು ಹೋದೆ.

ಹಿಂದಿರುಗುವ ಬಸ್ಸಿನಲ್ಲಿ ಸಮಾಧಾನಕ್ಕೆ ಅಂದೆ, "ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರಲ್ರಿ. ನೀವು ಎರಡು ಹೆಣ್ಣಮಕ್ಕಳನ್ನ ಕೊಟ್ಟವರು."

"ಅವರನ್ನು ಕೊಡುವಾಗ ಮಾತಾಡಬಾರದು ಅಂತ ಯಾರೂ ಹೇಳಲಿಲ್ಲ ಚಿತ್ರಾ," ಎಂದು ಸೆರಗು ಬಾಯಿಗಿಟ್ಟು ಅತ್ತಳು.

ನಾಲ್ಕನೆಯ ದಿನ ಬೊಗ್ಗು ಅವಳ ಹತ್ತಿರ ಬಂದು ಮೂಸಿ ಹಿಂದಿರುಗಿತು. ಆರನೆಯ ದಿನ ಸಾಯಲಿಯ ಕಾಲಬುಡದಿಂದ ಏಳಲೇ ಇಲ್ಲ. ಏಳನೆಯ ದಿನ ಪರೀಕ್ಷೆ. ಕಂಪನಿ ಬಸ್ ನಿಲ್ಲುವ ರಸ್ತೆಯ ಫುಟ್‌ಪಾತಿನ ನಟ್ಟನಡುವೆ ಲೀಲಕ್ಕನನ್ನು ನಿಲ್ಲಿಸಿದ ಪ್ರಜ್ವಲ. ಸಾಯಲಿಗೆ ಇದು ಗೊತ್ತಿಲ್ಲ, ನೀವಿಬ್ಬರೂ ಬಾಯಿ ಬಿಡಬೇಡಿ ಎಂದಿದ್ದ.

ಬೊಗ್ಗು ಬಂತು. ಲೀಲಕ್ಕನ ಮುಂದೆ ನಿಂತಿತು. ಬಾಲ ಒಂದೇ ಒಂದು ಸಲ ಅಲ್ಲಾಡಿತು. ಆಮೇಲೆ ಬಲಕ್ಕೆ ಸರಿದು, ಸಾಯಲಿಯನ್ನು ಜೋಪಾನವಾಗಿ ಬಳಸಿಕೊಂಡು ಕರೆದೊಯ್ದಿತು. ನಾನು ಪ್ರಜ್ವಲನ ಜೊತೆ ಅವರ ಹಿಂದೆಯೇ ನಡೆದೆ.

ಬೊಗ್ಗು ಪಕ್ಕಕ್ಕೆ ಸರಿದದ್ದು ಗೊತ್ತಾಗಿ ಸಾಯಲಿ ನಿಂತಳು. ನಡುವೆ ಏನಿತ್ತು ಎಂದು ಮರಾಠಿಯಲ್ಲಿ ಕೇಳಿದಳು. ಪ್ರಜ್ವಲ ನನ್ನ ಮುಖ ನೋಡಿದ. ನಾನೇ ಹೇಳಿದೆ, "ಏನಿಲ್ಲವ್ವಾ, ಒಂದು ಕಂಬ ಇತ್ತು" ಅಂತ, ಅವಳ ಭಾಷೆಯಲ್ಲೇ.

ಶಾಭಾಸ್ ಬೊಗ್ಗು, ಎಂದು ಅವಳು ನಕ್ಕು ಅದರ ತಲೆ ಸವರಿದಳು. ಅವಳೂ ಬೊಗ್ಗುವೂ ಬಸ್ ಹತ್ತಿದರು.

ಹಿಂದಿರುಗಿ ಬಂದೆ. ಲೀಲಕ್ಕ ನಿಂತಲ್ಲೇ ನಿಂತಿದ್ದಳು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

"ಹೋತ್ರಿ ಅಕ್ಕಾರ. ಇನ್ನ ಕಣ್ಣ ಬಿಡ್ರಿ."

ಬಿಡಲಿಲ್ಲ. ನಾನೇ ಮೊಣಕೈ ಹಿಡಿದು ರಸ್ತೆ ದಾಟಿಸಿದೆ.